ಶಾಸ್ತ್ರವೋ, ಶಾಸ್ತ್ರಕ್ಕೋ?

ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಎರಡು ಉದ್ದನೆಯ ಮೇಜುಗಳಿವೆ. ಕಿಟಕಿಯ ಪಕ್ಕದಲ್ಲಿ, ಸರಿಯಾಗಿ ಫ್ಯಾನಿನ ಕೆಳಗಿರುವುದು ವಿಜ್ಞಾನ ಮತ್ತು ಗಣಿತದವರ ಮೇಜು. ಬಾಗಿಲ ಬಳಿ, ಕುಡಿಯುವ ನೀರಿನ ಪಕ್ಕ, ಹೋಗಿ ಬರುವವರ ಮೊಣಕೈ ತಾಗುವ ಜಾಗದಲ್ಲಿರುವುದು ಭಾಷೆಯವರದ್ದು ಮತ್ತು ನಮ್ಮದು, ಅಂದರೆ ಸಮಾಜ ವಿಜ್ಞಾನದವರದ್ದು. ಹೀಗೇ ಕೂರಬೇಕೆಂದು ಯಾವ ಹೆಡ್‌ಮಾಸ್ಟರೂ ಆದೇಶ ಹೊರಡಿಸಿದ್ದಿಲ್ಲ. ನಾನು ಕೆಲಸಕ್ಕೆ ಸೇರಿದ 1994ರಲ್ಲೂ ಹೀಗೇ ಇತ್ತು. ಒಮ್ಮೆ ಹೊಸದಾಗಿ ಬಂದ ಕನ್ನಡ ಪಂಡಿತರೊಬ್ಬರು ಸೆಕೆ ತಾಳಲಾರದೆ ಫ್ಯಾನಿನ ಕೆಳಗೆ ಹೋಗಿ ಕೂತರು. ಯಾರೂ ಏನೂ ಅನ್ನಲಿಲ್ಲ. ಆದರೆ ಅವರೇ ಎರಡು ನಿಮಿಷಕ್ಕೆ, "ಸ್ವಲ್ಪ ತಲೆ ಸುತ್ತಿದ ಹಾಗಾಯ್ತು, ಅದಕ್ಕೇ..." ಎಂದು ಕಾರಣ ಹೇಳಿ, ಇನ್ನೆರಡು ನಿಮಿಷಕ್ಕೆ ಎದ್ದು ನಮ್ಮ ಕಡೆ ಬಂದರು. ಪಂಡಿತರ ಈ ತಲೆಸುತ್ತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹತ್ತನೇ ಕ್ಲಾಸಿಗೆ ವಿಶ್ವಸಂಸ್ಥೆಯ ಪಾಠ ನಡೆಯುತ್ತಿತ್ತು. ಅಂತರರಾಷ್ಟ್ರೀಯ ನ್ಯಾಯಾಲಯ, ನೆದರ್ಲೆಂಡ್ಸಿನ ಹೇಗ್ ನಗರ, 15 ನ್ಯಾಯಾಧೀಶರು, 9 ವರ್ಷದ ಅವಧಿ ಎಂದೆಲ್ಲ ಬೋರ್ಡಿನ ಮೇಲೆ ಬರೆದೆ. ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾಯರು 1952ರಲ್ಲಿ ಆ ನ್ಯಾಯಾಲಯದ ನ್ಯಾಯಾಧೀಶರಾದರು ಎನ್ನುವುದನ್ನು ನಾನು ಪ್ರತಿವರ್ಷ ಸೇರಿಸಿ ಹೇಳುತ್ತೇನೆ. ಮಕ್ಕಳು ಅದನ್ನು ಪರೀಕ್ಷೆಗೆ ಬರುತ್ತದೋ ಇಲ್ಲವೋ ಎಂಬ ಕಣ್ಣಿನಲ್ಲಿ ನೋಡುತ್ತಾರೆ. ಅವತ್ತು ಮೂರನೇ ಬೆಂಚಿನ ಹುಡುಗಿ ಎದ್ದು ನಿಂತಳು.

"ಮಿಸ್, ಕೋರ್ಟು ಹೇಳಿದ್ದನ್ನ ಒಂದು ದೇಶ ಕೇಳಲಿಲ್ಲ ಅಂದ್ರೆ ಯಾರು ಹಿಡ್ಕೊಂಡು ಹೋಗ್ತಾರೆ?"

"ಭದ್ರತಾ ಮಂಡಳಿಗೆ ದೂರು ಕೊಡಬಹುದು."

"ಅಲ್ಲಿ ವೀಟೋ ಇದೆಯಲ್ಲ ಮಿಸ್. ನೀವೇ ನಿನ್ನೆ ಹೇಳಿದ್ರಿ."

ಬೆಲ್ಲು ಹೊಡೆದು ನನ್ನ ಮಾನ ಕಾಪಾಡಿತು. ಸ್ಟಾಫ್ ರೂಮಿಗೆ ಬಂದು ಇದನ್ನು ನಗುತ್ತಲೇ ಹೇಳಿದೆ. ಫ್ಯಾನಿನ ಕೆಳಗಿದ್ದ ವಿಜ್ಞಾನದ ಮೇಷ್ಟ್ರಿಗೆ ಅಷ್ಟೇ ಸಾಕಾಯಿತು. "ಬೇಜಾರು ಮಾಡ್ಕೋಬೇಡಿ ಮೇಡಂ, ನಿಮ್ಮದು ಹೆಸರಿಗೆ ಮಾತ್ರ ವಿಜ್ಞಾನ. ಕಲ್ಲನ್ನ ಮೇಲಕ್ಕೆ ಎಸೆದರೆ ಅದು ಕೆಳಗೆ ಬರಲೇಬೇಕು, ಅಮೆರಿಕದವನು ಎಸೆದರೂ ಅಷ್ಟೆ, ನಾನು ಎಸೆದರೂ ಅಷ್ಟೆ. ನಿಮ್ಮ ಕಾನೂನು ಹಾಗಲ್ಲವಲ್ಲ."

ಒಳ್ಳೆಯ ಮನುಷ್ಯರು, ಮನಸ್ಸಿನಲ್ಲಿ ಕೆಟ್ಟದ್ದಿಟ್ಟುಕೊಂಡು ಹೇಳಿದ್ದಲ್ಲ. ಆದರೂ ಮಾತು ಮನಸ್ಸಿನಲ್ಲಿ ಕೂತುಬಿಟ್ಟಿತು. ಅದೇ ವಾರ ಬೆಂಗಳೂರಿನಲ್ಲಿ ಕಾನೂನು ಓದುವ ನನ್ನ ಮಗಳು ರಜಕ್ಕೆಂದು ಬಂದಳು. ಬರುವಾಗ ಒಗೆಯುವ ಬಟ್ಟೆಯ ಜೊತೆಗೆ ಒಂದು ಪ್ರಬಂಧದ ವಿಷಯವನ್ನೂ ತಂದಿದ್ದಳು: ಅಂತರರಾಷ್ಟ್ರೀಯ ಕಾನೂನನ್ನು ವಿಜ್ಞಾನವೆಂದು ಪರಿಗಣಿಸಬಹುದೇ? ಬಟ್ಟೆ ವಾಷಿಂಗ್ ಮೆಷಿನ್ನಿಗೆ ಹೋಯಿತು, ವಿಷಯ ನನ್ನ ತಲೆಗೆ ಹೋಯಿತು. ಅವಳು ಮಧ್ಯಾಹ್ನ ನಿದ್ದೆ ಮಾಡುವಾಗ ಅವಳ ಪುಸ್ತಕಗಳನ್ನು ನಾನು ಓದಿದೆ. ಬಿ.ಎ.ಯಲ್ಲಿ ರಾಜ್ಯಶಾಸ್ತ್ರ ಓದಿದ್ದೆನಲ್ಲ, ಹಳೆಯ ಪರಿಚಯದವರ ಮನೆಗೆ ಬಹಳ ವರ್ಷದ ಮೇಲೆ ಹೋದ ಹಾಗಾಯಿತು.

ಮೊದಲು ಪದದ ವಿಚಾರ. ಇಂಗ್ಲಿಷಿನವರು ಸೈನ್ಸ್ ಎಂಬ ಒಂದೇ ಪದವನ್ನಿಟ್ಟುಕೊಂಡು ಜಗಳವಾಡುತ್ತಾರೆ. ನಮಗೆ ಎರಡಿವೆ. ಭೌತವಿಜ್ಞಾನ, ಜೀವವಿಜ್ಞಾನ ಒಂದು ಕಡೆ. ರಾಜ್ಯಶಾಸ್ತ್ರ, ನ್ಯಾಯಶಾಸ್ತ್ರ, ಪಾಕಶಾಸ್ತ್ರ, ಸಂಗೀತಶಾಸ್ತ್ರ ಇನ್ನೊಂದು ಕಡೆ. ಶಾಸ್ತ್ರವೆಂದರೆ ಕ್ರಮಬದ್ಧವಾದ ತಿಳಿವಳಿಕೆ, ಗುರುವಿನಿಂದ ಕಲಿಯಬಹುದಾದದ್ದು, ತಪ್ಪು ಸರಿ ಹೇಳಬಹುದಾದದ್ದು. ಅಷ್ಟಕ್ಕೇ ನಿಲ್ಲಿಸಿದ್ದರೆ ಸಮಸ್ಯೆ ಬಗೆಹರಿದೇಹೋಗುತ್ತಿತ್ತು. ಆದರೆ ನಮ್ಮ ಹೆಂಗಸರ ಬಾಯಲ್ಲಿ ಅದೇ ಪದಕ್ಕೆ ಇನ್ನೊಂದು ಅರ್ಥವೂ ಇದೆಯಲ್ಲ! "ಏನೋ ಶಾಸ್ತ್ರಕ್ಕೆ ಒಂದು ಚೂರು ಸಿಹಿ ಮಾಡಿದೆ", "ಶಾಸ್ತ್ರಕ್ಕೆ ಕರೆದರು, ಹೋಗಿ ಬಂದೆ". ಹೆಸರಿಗೆ ಮಾತ್ರ ಮಾಡಿದ್ದು, ಒಳಗೆ ಜೀವ ಇಲ್ಲದ್ದು. ಮೂರನೇ ಬೆಂಚಿನ ಹುಡುಗಿ ಕೇಳಿದ್ದು ಇದನ್ನೇ. ಈ ಕಾನೂನು ಶಾಸ್ತ್ರವೋ, ಶಾಸ್ತ್ರಕ್ಕೋ?

ಇದು ಕಾನೂನೇ ಅಲ್ಲ ಎಂದು ಗಟ್ಟಿಯಾಗಿ ಹೇಳಿದವನು ಇಂಗ್ಲೆಂಡಿನ ಜಾನ್ ಆಸ್ಟಿನ್. 1832ರಲ್ಲಿ ಪ್ರಕಟವಾದ ಅವನ ಪುಸ್ತಕದ ಪ್ರಕಾರ, ಮೇಲಿರುವವನು ಅಪ್ಪಣೆ ಕೊಡಬೇಕು, ಮೀರಿದರೆ ಶಿಕ್ಷೆ ಇರಬೇಕು, ಆಗಲೇ ಅದು ಕಾನೂನು. ದೇಶಗಳ ಮೇಲೆ ಯಾರೂ ಇಲ್ಲ. ಆದ್ದರಿಂದ ಅದು ಬರೀ ನೀತಿ, ಮರ್ಯಾದೆ, ಲೋಕರೂಢಿ. ಓದುತ್ತಿದ್ದಂತೆ ನನಗೆ ನಮ್ಮ ಅಜ್ಜಿಯ ನೆನಪಾಯಿತು. ಅಜ್ಜಿ ಇರುವವರೆಗೆ ನಮ್ಮ ಮನೆಯ ಅಡುಗೆಮನೆ ಆಸ್ಟಿನ್ನನ ರಾಜ್ಯವೇ. ಯಾರು ರುಬ್ಬಬೇಕು, ಯಾರು ನೀರು ಸೇದಬೇಕು, ಎಷ್ಟು ಎಣ್ಣೆ ಹಾಕಬೇಕು, ಎಲ್ಲಕ್ಕೂ ಅಜ್ಜಿಯ ಅಪ್ಪಣೆ. ಮೀರಿದರೆ ಮಾತಿನ ಪೆಟ್ಟು. ಅಜ್ಜಿ ಹೋದ ಮೇಲೆ ಅಮ್ಮ, ದೊಡ್ಡಮ್ಮ, ಚಿಕ್ಕಮ್ಮ, ಮೂವರು ಓರಗಿತ್ತಿಯರು ಉಳಿದರು. ಯಾರೂ ಯಾರ ಮಾತನ್ನೂ ಕೇಳಬೇಕಾದ್ದಿಲ್ಲ. ಊರಿನವರೆಲ್ಲ, ಇನ್ನು ಆರು ತಿಂಗಳಿಗೆ ಮೂರು ಒಲೆ ಆಗುತ್ತೆ ಅಂದರು. ಹನ್ನೊಂದು ವರ್ಷ ಆಗಲಿಲ್ಲ. ಸರದಿ ತಾನಾಗಿ ಬಂತು. ತವರಿಗೆ ಹೋಗಿ ಬಂದವಳು ಎರಡು ದಿನ ಹೆಚ್ಚಿಗೆ ರುಬ್ಬುವುದು, ಬಾಣಂತಿಗೆ ಸರದಿ ಇಲ್ಲ, ಇದೆಲ್ಲ ಎಲ್ಲಿಯೂ ಬರೆದಿಡದೆ ನಡೆಯಿತು. ಮುರಿಯುತ್ತಿರಲಿಲ್ಲ ಎಂದಲ್ಲ. ಚಿಕ್ಕಮ್ಮ ವಾರಕ್ಕೊಮ್ಮೆ ಮುರಿಯುತ್ತಿದ್ದರು. ಆದರೆ ಮುರಿದ ದಿನ ತಲೆಗೆ ಬಟ್ಟೆ ಕಟ್ಟಿಕೊಂಡು, "ಅರೆತಲೆ ನೋವು ಕಣಕ್ಕ" ಎಂದು ಹೇಳಿಯೇ ಮುರಿಯುತ್ತಿದ್ದರು.

ಈ ಅರೆತಲೆ ನೋವಿಗೆ ಹೇಗ್ ನ್ಯಾಯಾಲಯದಲ್ಲಿ ಬೆಲೆ ಇದೆ ಎಂದರೆ ನೀವು ನಂಬುತ್ತೀರಾ? 1986ರಲ್ಲಿ ನಿಕರಾಗುವ ಎಂಬ ಪುಟ್ಟ ದೇಶ ಅಮೆರಿಕದ ಮೇಲೆ ಹೂಡಿದ್ದ ಮೊಕದ್ದಮೆಯ ತೀರ್ಪು ಬಂತು. ಬಲಪ್ರಯೋಗ ಕೂಡದು ಎನ್ನುವ ನಿಯಮವನ್ನು ದೇಶಗಳು ಎಷ್ಟೋ ಸಲ ಮುರಿದಿವೆಯಲ್ಲ, ಹಾಗಾದರೆ ಅದು ನಿಯಮ ಹೇಗಾಯಿತು ಎಂಬ ಪ್ರಶ್ನೆಗೆ ನ್ಯಾಯಾಲಯದ ಉತ್ತರದ ಸಾರಾಂಶ ಇಷ್ಟು: ಮುರಿದ ದೇಶ "ನಾನು ಮುರಿಯುವುದೇ ಸರಿ" ಎನ್ನದೆ, "ನಮ್ಮ ಆತ್ಮರಕ್ಷಣೆಗೆ ಮಾಡಿದೆವು" ಎಂದು ಸಮಜಾಯಿಷಿ ಕೊಟ್ಟರೆ, ಆ ಸಮಜಾಯಿಷಿಯೇ ನಿಯಮ ಇದೆ ಎನ್ನುವುದಕ್ಕೆ ಸಾಕ್ಷಿ. ನಮ್ಮ ಪಂಡಿತರ ತಲೆಸುತ್ತು ನೋಡಿ! ತೀರ್ಪು ಅಮೆರಿಕದ ವಿರುದ್ಧ ಬಂತು. ಅದನ್ನು ಜಾರಿ ಮಾಡಿಸಲು ನಿಕರಾಗುವ ಭದ್ರತಾ ಮಂಡಳಿಗೆ ಹೋದಾಗ ಅಮೆರಿಕ ವೀಟೋ ಹಾಕಿತು. ಮೂರನೇ ಬೆಂಚಿನ ಹುಡುಗಿ ಸುಮ್ಮನೆ ಕೇಳಿದ್ದಲ್ಲ.

ಈ ಶಾಸ್ತ್ರದ ಪಿತಾಮಹ ಎನಿಸಿಕೊಂಡವನು ಹಾಲೆಂಡಿನ ಹ್ಯೂಗೋ ಗ್ರೋಷಿಯಸ್. ಅವನ ಕಥೆಯನ್ನು ನಾನು ಪಾಠಕ್ಕೆ ಸಂಬಂಧವಿಲ್ಲದಿದ್ದರೂ ಮಕ್ಕಳಿಗೆ ಹೇಳಿದ್ದೇನೆ, ನಿಮಗೂ ಹೇಳದೆ ಬಿಡುವುದಿಲ್ಲ. ಧರ್ಮದ ಜಗಳ, ರಾಜಕೀಯದ ಜಗಳ ಸೇರಿ 1619ರಲ್ಲಿ ಅವನಿಗೆ ಜೀವಾವಧಿ ಶಿಕ್ಷೆಯಾಗಿ, ನದಿಯ ದಂಡೆಯ ಲೂವೆಸ್ಟೈನ್ ಎಂಬ ಕೋಟೆಯಲ್ಲಿ ಕೂಡಿಹಾಕಿದರು. ಹೆಂಡತಿ ಮರಿಯಾ ತಾನೂ ಅಲ್ಲೇ ಹೋಗಿ ಉಳಿದಳು. ಓದುವ ಮನುಷ್ಯನಿಗೆ ಸ್ನೇಹಿತರು ದೊಡ್ಡ ಪೆಟ್ಟಿಗೆಯಲ್ಲಿ ಪುಸ್ತಕ ಕಳಿಸುವುದು, ಓದಿ ಮುಗಿದದ್ದು, ಒಗೆಯುವ ಬಟ್ಟೆಯ ಜೊತೆ ಅದೇ ಪೆಟ್ಟಿಗೆಯಲ್ಲಿ ವಾಪಸು ಹೋಗುವುದು. ಮೊದಮೊದಲು ಕಾವಲಿನವರು ಮುಚ್ಚಳ ತೆಗೆದು ನೋಡುತ್ತಿದ್ದರು. ಪುಸ್ತಕ, ಮಾಸಿದ ಬಟ್ಟೆ, ಎಷ್ಟು ದಿನ ಅಂತ ನೋಡಿಯಾರು? ಅವರು ನೋಡುವುದನ್ನು ಬಿಟ್ಟದ್ದನ್ನು ಮರಿಯಾ ನೋಡಿದಳು. 1621ರ ಮಾರ್ಚಿನಲ್ಲಿ ಒಂದು ದಿನ ಗಂಡನನ್ನು ಮಡಿಸಿ ಆ ಪೆಟ್ಟಿಗೆಯಲ್ಲಿ ಮಲಗಿಸಿ ಮುಚ್ಚಳ ಹಾಕಿದಳು. ಮನೆಗೆಲಸದ ಹುಡುಗಿ ಎಲ್ಸ್ಯೆ ಪೆಟ್ಟಿಗೆಯ ಜೊತೆ ದೋಣಿಯಲ್ಲಿ ಹೋದಳು. ಮರಿಯಾ ಮಾತ್ರ ಕೋಟೆಯಲ್ಲೇ ಉಳಿದು, ಗಂಡನಿಗೆ ಹುಷಾರಿಲ್ಲ ಎಂದು ಹೇಳುತ್ತಾ ಸಮಯ ತಳ್ಳಿದಳು. ಅವನು ಪ್ಯಾರಿಸ್ ಸೇರಿ 1625ರಲ್ಲಿ ಯುದ್ಧ ಮತ್ತು ಶಾಂತಿಯ ಕಾನೂನಿನ ಬಗ್ಗೆ ಲ್ಯಾಟಿನ್ನಿನಲ್ಲಿ ಬರೆದ ಪುಸ್ತಕವೇ ಈ ಶಾಸ್ತ್ರಕ್ಕೆ ಬುನಾದಿ. ಆ ಪೆಟ್ಟಿಗೆ ನಮ್ಮಲ್ಲಿರುವುದೇ ಎಂದು ಹೇಳುವ ಮ್ಯೂಸಿಯಂ ಹಾಲೆಂಡಿನಲ್ಲಿ ಒಂದಕ್ಕಿಂತ ಹೆಚ್ಚಿವೆ. ಕಾನೂನಿನ ಮಾತು ಹಾಗಿರಲಿ, ಪೆಟ್ಟಿಗೆಯ ವಿಷಯದಲ್ಲೇ ಒಮ್ಮತ ಇಲ್ಲ.

ಇನ್ನು ಆ ಆಸ್ಟಿನ್. ಅವನು ಲಂಡನ್ನಿನಲ್ಲಿ ಪಾಠ ಹೇಳಲು ಹೋಗಿ, ಕೇಳಲು ಮಕ್ಕಳೇ ಬಾರದೆ ಕೆಲಸ ಬಿಟ್ಟ. ಸದಾ ಕಾಯಿಲೆ, ಸದಾ ಚಿಂತೆ. ಹೆಂಡತಿ ಸಾರಾ ಜರ್ಮನ್ನಿನಿಂದ ಅನುವಾದ ಮಾಡಿ ಸಂಸಾರಕ್ಕೆ ಆಸರೆಯಾದಳು. 1859ರಲ್ಲಿ ಅವನು ಸತ್ತ ಮೇಲೆ ಅವನ ಉಪನ್ಯಾಸದ ಟಿಪ್ಪಣಿಗಳನ್ನು ಜೋಡಿಸಿ ಅಚ್ಚು ಹಾಕಿಸಿದವಳೂ ಅವಳೇ. ಅಂತೂ ಇದು ಕಾನೂನು ಎಂದವನನ್ನೂ, ಕಾನೂನಲ್ಲ ಎಂದವನನ್ನೂ ನಮ್ಮವರೆಗೆ ತಲುಪಿಸಿದವರು ಅವರವರ ಹೆಂಡತಿಯರು. ಇದನ್ನು ಪ್ರಬಂಧದಲ್ಲಿ ಸೇರಿಸು ಎಂದು ಮಗಳಿಗೆ ಹೇಳಿದೆ. "ಅಮ್ಮಾ, ಇದಕ್ಕೆಲ್ಲ ಮಾರ್ಕ್ಸ್ ಕೊಡಲ್ಲ" ಎಂದಳು.

ಗ್ರೋಷಿಯಸ್ ತನ್ನ ಪುಸ್ತಕದ ಪೀಠಿಕೆಯಲ್ಲಿ ತನ್ನನ್ನು ಗಣಿತದವರಿಗೆ ಹೋಲಿಸಿಕೊಂಡಿದ್ದಾನೆ. ಅವರು ಆಕಾರಗಳನ್ನು ವಸ್ತುಗಳಿಂದ ಬಿಡಿಸಿ ನೋಡುವ ಹಾಗೆ, ತಾನೂ ಇಂದಿನ ಜಗಳಗಳಿಂದ ಮನಸ್ಸನ್ನು ಬಿಡಿಸಿಕೊಂಡು ಕಾನೂನನ್ನು ನೋಡಿದೆ ಎನ್ನುತ್ತಾನೆ. ಅಂದರೆ ಅವನೂ ಕಿಟಕಿಯ ಪಕ್ಕದ ಮೇಜಿಗೆ ಆಸೆಪಟ್ಟವನೇ. 1908ರಲ್ಲಿ ಒಪ್ಪೆನ್‌ಹೈಮ್ ಎಂಬ ವಿದ್ವಾಂಸರು ಅಂತರರಾಷ್ಟ್ರೀಯ ಕಾನೂನಿನ ವಿಜ್ಞಾನ ಎಂದೇ ಶೀರ್ಷಿಕೆ ಕೊಟ್ಟು ಲೇಖನ ಬರೆದರು. ಜರ್ಮನಿಯಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲೆಸಿದವರು. ಈ ವಿಜ್ಞಾನ ಮಾಡಬೇಕಾದ ಏಳು ಕೆಲಸಗಳನ್ನು ಅದರಲ್ಲಿ ಪಟ್ಟಿ ಮಾಡಿದ್ದಾರೆ. ಇರುವ ನಿಯಮಗಳನ್ನು ನಿರೂಪಿಸುವುದು ಮೊದಲನೆಯದು, ಜನಸಾಮಾನ್ಯರಿಗೆ ತಿಳಿಸುವುದು ಕೊನೆಯದು. ಕೊನೆಯದಾದರೂ ಪರವಾಗಿಲ್ಲ, ಮೂರನೇ ಬೆಂಚಿನ ಹುಡುಗಿಯ ಮುಂದೆ ತಡವರಿಸುವ ನನ್ನಂಥವಳಿಗೂ ಅದರಲ್ಲೊಂದು ಜಾಗ ಇದೆ ಎಂದಾಯಿತು.

ಇರುವ ನಿಯಮವನ್ನು ಕಂಡುಹಿಡಿಯುವುದು ಹೇಗೆ? ಇಲ್ಲಿ ಇವರು ನಿಜಕ್ಕೂ ವಿಜ್ಞಾನಿಗಳ ಹಾಗೆ ಕೆಲಸ ಮಾಡುತ್ತಾರೆ. 1898ರಲ್ಲಿ ಸ್ಪೇನ್ ಜೊತೆಗಿನ ಯುದ್ಧದಲ್ಲಿ ಅಮೆರಿಕದ ನೌಕಾಪಡೆ ಕ್ಯೂಬಾದ ಎರಡು ಮೀನುಗಾರಿಕೆಯ ದೋಣಿಗಳನ್ನು ಹಿಡಿದು ಹರಾಜು ಹಾಕಿತು. ದೋಣಿಯಲ್ಲಿದ್ದದ್ದು ಮೀನು, ಬಡ ಬೆಸ್ತರು. ಯುದ್ಧ ನಡೆಯುತ್ತಿದೆ ಎನ್ನುವುದೇ ಅವರಿಗೆ ಗೊತ್ತಿರಲಿಲ್ಲ. ದಡದ ಬೆಸ್ತರನ್ನು ಹಿಡಿಯಬಾರದು ಎನ್ನುವ ಒಪ್ಪಂದ ಆ ಎರಡು ದೇಶಗಳ ನಡುವೆ ಇರಲಿಲ್ಲ. ಅಮೆರಿಕದ ಸುಪ್ರೀಂ ಕೋರ್ಟು ಏನು ಮಾಡಿತು ಗೊತ್ತೇ? 1403ರ ಇಂಗ್ಲೆಂಡಿನ ರಾಜನ ಆಜ್ಞೆಯಿಂದ ಹಿಡಿದು, ಯಾವ ಯಾವ ದೇಶ ಯಾವ ಯಾವ ಯುದ್ಧದಲ್ಲಿ ಬೆಸ್ತರನ್ನು ಬಿಟ್ಟುಬಿಟ್ಟಿತ್ತು ಎನ್ನುವುದನ್ನೆಲ್ಲ ಒಂದೊಂದಾಗಿ ಕಲೆಹಾಕಿತು. ನಮ್ಮ ವಿಜ್ಞಾನದ ಮೇಷ್ಟ್ರು ಎಲೆಗಳನ್ನು ಒಣಗಿಸಿ ಹಾಳೆಗೆ ಅಂಟಿಸಿ ಇದು ಈ ಜಾತಿ, ಇದು ಆ ಜಾತಿ ಎಂದು ಬರೆಸುತ್ತಾರಲ್ಲ, ಹಾಗೆ. ಐದು ಶತಮಾನದ ರೂಢಿ ಗಟ್ಟಿಯಾಗಿ ನಿಯಮವಾಗಿದೆ ಎಂದು 1900ರಲ್ಲಿ ತೀರ್ಪು ಕೊಟ್ಟು, ತಮ್ಮದೇ ಸರಕಾರದಿಂದ ಬೆಸ್ತರಿಗೆ ಪರಿಹಾರ ಕೊಡಿಸಿತು.

ಆದರೆ ರೂಢಿಯೆಲ್ಲ ನಿಯಮವಲ್ಲ. ಇಲ್ಲೊಂದು ಸೂಕ್ಷ್ಮ ಇದೆ, ಗಂಡಸರಿಗಿಂತ ನಮಗೆ ಬೇಗ ಅರ್ಥವಾಗುವಂಥದ್ದು. ಮನೆಗೆ ಬಂದವರಿಗೆ ಕಾಫಿ ಕೊಡುತ್ತೇವೆ, ಹೊರಡುವಾಗ ಮುತ್ತೈದೆಗೆ ಕುಂಕುಮ ಕೊಡುತ್ತೇವೆ. ಎರಡೂ ರೂಢಿಯೇ. ಕಾಫಿ ಕೊಡದಿದ್ದರೆ "ಹಾಲು ಇರಲಿಲ್ಲವೇನೋ" ಎಂದುಕೊಂಡು ಹೋಗುತ್ತಾರೆ. ಕುಂಕುಮ ಕೊಡದೆ ಕಳಿಸಿ ನೋಡಿ! ಇಪ್ಪತ್ತು ವರ್ಷವಾದರೂ ಮರೆಯುವುದಿಲ್ಲ. ಕೊಡುವವಳಿಗೂ ಕೊಡಲೇಬೇಕು ಅನ್ನಿಸಿರುತ್ತದೆ, ತೆಗೆದುಕೊಳ್ಳುವವಳಿಗೂ ಅದು ಸಲ್ಲಬೇಕಾದ್ದು ಅನ್ನಿಸಿರುತ್ತದೆ. (ಗಂಡ ಹೋದವಳನ್ನು ಆ ಸಾಲಿನಿಂದ ಬಿಟ್ಟು ಮುಂದೆ ಹೋಗುವುದೂ ಒಂದು ರೂಢಿಯೇ. ನಮ್ಮ ಮನೆಯಲ್ಲಿ ನಾನು ಅದನ್ನು ನಿಲ್ಲಿಸಿ ಬಹಳ ವರ್ಷವಾಯಿತು. ರೂಢಿ ಮುರಿಯುವುದೂ ಹೀಗೆಯೇ, ಯಾರೋ ಒಬ್ಬರ ನಡುಮನೆಯಲ್ಲಿ.) ದೇಶಗಳ ವಿಷಯದಲ್ಲೂ ಅಷ್ಟೆ. ಅವು ಹಾಗೆ ನಡೆದುಕೊಳ್ಳುತ್ತಾ ಬಂದಿರಬೇಕು, ಹಾಗೆ ನಡೆಯಲು ತಾವು ಬದ್ಧ ಎಂಬ ಭಾವನೆಯೂ ಇರಬೇಕು. ಎರಡೂ ಸೇರಿದರೆ ಮಾತ್ರ ನಿಯಮ. ನಡೆದದ್ದನ್ನು ಎಣಿಸಬಹುದು. ಭಾವನೆಯನ್ನು ಅಳೆಯಲು ಯಾವ ಥರ್ಮಾಮೀಟರೂ ಇಲ್ಲ.

ನನಗೆ ತೋಚುವ ವ್ಯತ್ಯಾಸ ಇಲ್ಲಿದೆ. ಥರ್ಮಾಮೀಟರು ನೋಡಿ ಜ್ವರ 102 ಎಂದರೆ, ಹಾಗೆ ಹೇಳಿದ್ದರಿಂದ ಜ್ವರ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಉಪ್ಪಿಗೆ ಸೋಡಿಯಂ ಕ್ಲೋರೈಡ್ ಅಂದರೂ ಸಾರಿನ ರುಚಿ ಬದಲಾಗುವುದಿಲ್ಲ. ಆದರೆ ಕಾನೂನಿನಲ್ಲಿ ಹೆಸರಿಟ್ಟವರಿಂದಲೇ ವಸ್ತು ಬದಲಾಗುತ್ತದೆ. ಮಾನವ ಹಕ್ಕುಗಳ ಘೋಷಣೆಯನ್ನು ಬರೆಯುವಾಗ ಮೊದಲ ವಿಧಿಯ ಕರಡಿನಲ್ಲಿ ಎಲ್ಲ ಪುರುಷರು ಎಂಬ ಅರ್ಥ ಬರುವ ಪದ ಇತ್ತು. ನಮ್ಮ ದೇಶದ ಪ್ರತಿನಿಧಿ ಹಂಸಾ ಮೆಹ್ತಾ, ಅದು ಎಲ್ಲ ಮಾನವರು ಎಂದಾಗಬೇಕು ಎಂದು ಹಟ ಹಿಡಿದರು. ಆ ಪದಕ್ಕೆ ಎಲ್ಲರೂ ಸೇರುತ್ತಾರೆ ಬಿಡಿ ಎಂದು ದೊಡ್ಡ ದೊಡ್ಡವರು ಹೇಳಿದರೂ ಒಪ್ಪಲಿಲ್ಲ. 1948ರಲ್ಲಿ ಘೋಷಣೆ ಹೊರಬಂದಾಗ ಎಲ್ಲ ಮಾನವರು ಎಂದೇ ಇತ್ತು.

ಸದ್ದಿಲ್ಲದೆ ನಡೆಯುವ ಕಡೆ ಈ ಕಾನೂನು ಎಷ್ಟು ಚೆನ್ನಾಗಿ ನಡೆಯುತ್ತದೆ ಎನ್ನುವುದು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ನನ್ನ ಸೋದರಮಾವ ಅಮೆರಿಕದಿಂದ ಕಾಗದ ಬರೆಯುತ್ತಿದ್ದರು. ಅಂಟಿಸಿದ ಸ್ಟಾಂಪು ಅಲ್ಲಿಯದು, ದುಡ್ಡು ಹೋದದ್ದು ಅಲ್ಲಿಯ ಸರಕಾರಕ್ಕೆ. ಬಿಸಿಲಲ್ಲಿ ಸೈಕಲ್ ತುಳಿದು ತಂದುಕೊಡುತ್ತಿದ್ದವರು ಮಾತ್ರ ನಮ್ಮೂರಿನ ಅಂಚೆಯಣ್ಣ. ಯಾಕೆ ತರಬೇಕು? 1874ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ಆದ ಒಪ್ಪಂದದಿಂದ. ಇಂಡಿಯಾ ಅದಕ್ಕೆ ಸೇರಿದ್ದು 1876ರಲ್ಲಿ. ಅಲ್ಲಿಂದ ಈಚೆಗೆ ಎರಡು ಮಹಾಯುದ್ಧ ಆಗಿವೆ, ಎಷ್ಟೋ ದೇಶ ಹುಟ್ಟಿವೆ, ಮುಳುಗಿವೆ. ಆ ಏರ್ಪಾಡು ಇನ್ನೂ ಇದೆ. ಅಂಚೆಯಣ್ಣನ ಹಿಂದೆ ಯಾವ ಪೊಲೀಸೂ ಕೋಲು ಹಿಡಿದು ಬರುತ್ತಿರಲಿಲ್ಲ.

ಸದ್ದಾಗುವ ಕಡೆಗೆ ಬಂದರೆ, ನಮ್ಮದು ಮಂಡ್ಯ ಸೀಮೆ, ಹೊರಗೆ ಹುಡುಕಬೇಕಾದ್ದಿಲ್ಲ. ನದಿ ಹುಟ್ಟಿದ ಕಡೆಯವರು ಏನು ಬೇಕಾದರೂ ಮಾಡಿಕೊಳ್ಳಬಹುದು, ಕೆಳಗಿನವರು ಕೇಳುವ ಹಾಗಿಲ್ಲ ಎಂದು 1895ರಲ್ಲಿ ಅಮೆರಿಕದ ಅಟಾರ್ನಿ ಜನರಲ್ ಹಾರ್ಮನ್ ಅಭಿಪ್ರಾಯ ಕೊಟ್ಟಿದ್ದರು, ಮೆಕ್ಸಿಕೋ ಜೊತೆಗಿನ ನದಿಯ ಜಗಳದಲ್ಲಿ. ಅವರ ಶಿಷ್ಯರು ನಮ್ಮೂರಿನ ಅರಳಿಕಟ್ಟೆಯಲ್ಲಿ ಇವತ್ತಿಗೂ ಇದ್ದಾರೆ, ಹೆಸರು ಗೊತ್ತಿಲ್ಲ ಅಷ್ಟೆ. ಆದರೆ ಅಮೆರಿಕವೇ 1906ರಲ್ಲಿ ಮೆಕ್ಸಿಕೋಗೆ ನೀರು ಬಿಡುವ ಒಪ್ಪಂದಕ್ಕೆ ಬಂತು. 1966ರಲ್ಲಿ ಹೆಲ್ಸಿಂಕಿಯಲ್ಲಿ ಕಾನೂನು ಪಂಡಿತರ ಸಂಘವೊಂದು, ನದಿಯ ನೀರನ್ನು ನ್ಯಾಯವಾಗಿ ಹಂಚಿಕೊಳ್ಳುವಾಗ ಏನೇನು ನೋಡಬೇಕೆಂದು ನಿಯಮ ಬರೆಯಿತು: ಜಲಾನಯನ ಪ್ರದೇಶ, ಮಳೆ, ಹಿಂದಿನ ಬಳಕೆ, ಜನರ ಅಗತ್ಯ, ಇತ್ಯಾದಿ. ಯಾವ ಸರಕಾರವೂ ಸಹಿ ಹಾಕಿದ್ದಲ್ಲ. ಕಾವೇರಿ ಎರಡು ದೇಶಗಳ ನದಿಯೂ ಅಲ್ಲ. ಆದರೂ 2018ರ ಫೆಬ್ರವರಿಯಲ್ಲಿ ನಮ್ಮ ಸುಪ್ರೀಂ ಕೋರ್ಟು ತೀರ್ಪು ಕೊಡುವಾಗ ಆ ಹೆಲ್ಸಿಂಕಿ ನಿಯಮಗಳನ್ನು ಮುಂದಿಟ್ಟುಕೊಂಡಿತು. ಕರ್ನಾಟಕಕ್ಕೆ ಹೆಚ್ಚಿಗೆ ಸಿಕ್ಕಿದ 14.75 ಟಿ.ಎಂ.ಸಿ.ಯಲ್ಲಿ 4.75 ಬೆಂಗಳೂರಿನ ಕುಡಿಯುವ ನೀರಿಗೆ. ಮಳೆ ಎಷ್ಟು, ಹರಿವು ಎಷ್ಟು ಎನ್ನುವುದು ವಿಜ್ಞಾನ. ಕುಡಿಯುವ ನೀರಿಗೂ ಕುರುವೈ ಬೆಳೆಗೂ ತಕ್ಕಡಿ ಹಿಡಿಯುವುದು ವಿಜ್ಞಾನವಲ್ಲ. ಆ ತಕ್ಕಡಿಯನ್ನು ಹೇಗೆ ಹಿಡಿಯಬೇಕು ಎನ್ನುವುದಕ್ಕೆ ಮಾತ್ರ ಒಂದು ಶಾಸ್ತ್ರ ಇದೆ. ನಾನು ಮಗಳಿಗೆ ಇಷ್ಟನ್ನು ಹೇಳಿದೆ. ಅವಳು ಬರೆದುಕೊಂಡಳು.

ಆಮೇಲೆ ಅವಳು ತಾನಾಗಿ ಇನ್ನೊಂದು ಉದಾಹರಣೆ ಕೊಟ್ಟಳು. ಅದಾದ ಮೇಲೆ ನನಗೆ ಈ ವಿಷಯದಲ್ಲಿ ತಮಾಷೆ ಮಾಡುವುದು ಕಷ್ಟವಾಯಿತು.

ರಾಜಸ್ಥಾನದಲ್ಲಿ ಸರಕಾರದ ಮಹಿಳಾ ಕಾರ್ಯಕ್ರಮದಲ್ಲಿ ಕೆಲಸ ಮಾಡುತ್ತಿದ್ದ ಭಂವರಿ ದೇವಿ ಎಂಬಾಕೆ ಒಂದು ಬಾಲ್ಯವಿವಾಹವನ್ನು ತಡೆಯಲು ಹೋದದ್ದಕ್ಕೆ 1992ರಲ್ಲಿ ಆಕೆಯ ಮೇಲೆ ಸಾಮೂಹಿಕ ಅತ್ಯಾಚಾರ ಆಯಿತು. 1995ರಲ್ಲಿ ಕೆಳಗಿನ ಕೋರ್ಟು ಅತ್ಯಾಚಾರದ ಆರೋಪದಿಂದ ಎಲ್ಲರನ್ನೂ ಬಿಟ್ಟಿತು. ಮಹಿಳಾ ಸಂಘಟನೆಗಳು ಸುಪ್ರೀಂ ಕೋರ್ಟಿಗೆ ಹೋಗಿ ಬೇರೆಯದೇ ಪ್ರಶ್ನೆ ಕೇಳಿದವು: ಕೆಲಸದ ಜಾಗದಲ್ಲಿ ಹೆಣ್ಣಿಗೆ ಕಿರುಕುಳವಾದರೆ ನಮ್ಮ ದೇಶದಲ್ಲಿ ಅದಕ್ಕೆಂದೇ ಕಾನೂನು ಎಲ್ಲಿದೆ? ಇರಲಿಲ್ಲ. 1997ರ ಆಗಸ್ಟ್ 13ರಂದು ಮೂವರು ನ್ಯಾಯಾಧೀಶರು, ಅವರಲ್ಲಿ ಸುಜಾತಾ ಮನೋಹರ್ ಒಬ್ಬರು, ವಿಶಾಖಾ ತೀರ್ಪು ಕೊಟ್ಟರು. ಹೆಣ್ಣುಮಕ್ಕಳ ವಿರುದ್ಧದ ಭೇದಭಾವ ಹೋಗಬೇಕೆನ್ನುವ ವಿಶ್ವಸಂಸ್ಥೆಯ 1979ರ ಒಪ್ಪಂದ ಇದೆಯಲ್ಲ, ಅದನ್ನು ಭಾರತ 1993ರಲ್ಲಿ ಸ್ಥಿರೀಕರಿಸಿದೆ, ಆದ್ದರಿಂದ ಸಂಸತ್ತು ಕಾನೂನು ಮಾಡುವವರೆಗೆ ಇದರ ಆಧಾರದ ಮೇಲೆ ನಾವು ಕೊಡುವ ಮಾರ್ಗಸೂಚಿಯೇ ಕಾನೂನು ಎಂದರು. ಸಂಸತ್ತು ಮಾಡಿದ್ದು 2013ರಲ್ಲಿ.

ಮಗಳು ಇದನ್ನು ಪಾಠ ಒಪ್ಪಿಸುವ ಹಾಗೆ ಹೇಳುತ್ತಿದ್ದಳು. ನಾನು ಸೊಪ್ಪು ಬಿಡಿಸುತ್ತಿದ್ದೆ. 1993 ಎಂದಾಗ ಕೈ ನಿಂತಿತು.

1995ರಲ್ಲಿ ನಮ್ಮ ಶಾಲೆಯಲ್ಲಿ ಒಬ್ಬ ಹಿಂದಿ ಟೀಚರ್ ಇದ್ದಳು. ನನ್ನ ಓರಗೆಯವಳು, ನಾವಿಬ್ಬರೂ ಪ್ರೊಬೇಷನ್ನಿನಲ್ಲಿದ್ದೆವು. ಆಡಳಿತ ಮಂಡಳಿಯ ಆಫೀಸಿನಲ್ಲಿದ್ದ ಹಿರಿಯರೊಬ್ಬರು ಸಂಬಳದ ಬಿಲ್ಲು ನೋಡಬೇಕು ಎಂದು ಶಾಲೆ ಬಿಟ್ಟ ಮೇಲೆ ಅವಳನ್ನು ಕರೆಸುತ್ತಿದ್ದರು. ಮೊದಲು ಮಾತು, ಆಮೇಲೆ ಹೆಗಲ ಮೇಲೆ ಕೈ. ಒಂದು ಮಧ್ಯಾಹ್ನ ಬೇವಿನ ಮರದ ಕೆಳಗೆ ಊಟದ ಡಬ್ಬಿ ಹಿಡಿದುಕೊಂಡು ಅವಳು ನನಗೆ ಎಲ್ಲ ಹೇಳಿದಳು. ಡಬ್ಬಿಯ ಮುಚ್ಚಳ ತೆಗೆದೇ ಇರಲಿಲ್ಲ. "ಯಾರಿಗೆ ಹೇಳೋದು?" ಎಂದಳು. ನಾನು ಕೊಟ್ಟ ಉತ್ತರ ನನಗೆ ಅಕ್ಷರಶಃ ನೆನಪಿದೆ. "ಕನ್ಫರ್ಮ್ ಆಗೋವರೆಗೂ ಸುಮ್ಮನಿರಿ. ಒಬ್ಬರೇ ಹೋಗಬೇಡಿ." ಜೊತೆಗೆ ನಾನು ಬರುತ್ತೇನೆ ಎಂದು ಹೇಳಲಿಲ್ಲ. ನನ್ನ ಪ್ರೊಬೇಷನ್ನಿನ ಕಾಗದಕ್ಕೂ ಅದೇ ಕೈ ಸಹಿ ಹಾಕಬೇಕಿತ್ತು. ಹೆಣ್ಣಿನ ಮಾನಕ್ಕೆ ಧಕ್ಕೆ ತಂದರೆ ಶಿಕ್ಷೆ ಎಂಬ ಕಲಮು ದಂಡಸಂಹಿತೆಯಲ್ಲಿ ಆಗಲೂ ಇತ್ತು, ನಿಜ. ಅದಕ್ಕೆ ಠಾಣೆಯ ಮೆಟ್ಟಿಲು ಹತ್ತಬೇಕಿತ್ತು. ಡಿಸೆಂಬರಿನಲ್ಲಿ ಅವಳು ರಾಜೀನಾಮೆ ಕೊಟ್ಟಳು, ಮನೆಯ ಕಾರಣ ಎಂದು ಬರೆದು. ಬೀಳ್ಕೊಡುಗೆಗೆ ದುಡ್ಡು ಎತ್ತಿ ಸ್ಟೀಲಿನ ಡಬ್ಬಿಗಳ ಸೆಟ್ಟು ತಂದವಳು ನಾನೇ. ಅವಳು ತೆಗೆದುಕೊಳ್ಳುತ್ತಿದ್ದ ಪೀರಿಯಡ್ಡುಗಳಲ್ಲಿ ಎರಡು ನನ್ನ ಪಾಲಿಗೆ ಬಂದವು.

ನಾವು ಆ ಮರದ ಕೆಳಗೆ ನಿಂತಿದ್ದಾಗ ನಮ್ಮ ದೇಶ ಲೋಕದ ಮುಂದೆ ಮಾತು ಕೊಟ್ಟು ಎರಡು ವರ್ಷವಾಗಿತ್ತು. ಅವಳ ಪ್ರಶ್ನೆಗೆ ಉತ್ತರ ಎಲ್ಲೋ ಕಾಗದದಲ್ಲಿ ಇತ್ತು. ನಾನು ಸಮಾಜ ವಿಜ್ಞಾನದ ಟೀಚರು, ವಿಶ್ವಸಂಸ್ಥೆಯ ಅಂಗಗಳು ಆರು ಎಂದು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಿದ್ದೆ.

2015ರಲ್ಲಿ ನಮ್ಮಲ್ಲೂ ದೂರು ಸಮಿತಿ ಮಾಡಿದರು. ಹಿರಿಯಳು ಎಂದು ನನ್ನನ್ನೇ ಅಧ್ಯಕ್ಷೆ ಮಾಡಿದರು. ಹೆಡ್‌ಮಾಸ್ಟರ ಕೋಣೆಯ ಪಕ್ಕದ ಗೋಡೆಗೆ ಒಂದು ಬೋರ್ಡು ಬಂತು. ಮೂರು ತಿಂಗಳಿಗೊಮ್ಮೆ ಸಭೆ, ಚಹಾ, ರಿಜಿಸ್ಟರಿನಲ್ಲಿ "ಯಾವುದೇ ದೂರು ಬಂದಿರುವುದಿಲ್ಲ" ಎಂಬ ಸಾಲು, ಕೆಳಗೆ ನಮ್ಮ ಸಹಿಗಳು. ಏಳು ವರ್ಷ ಶಾಸ್ತ್ರಕ್ಕೆ ನಡೆಯಿತು. ವಿಜ್ಞಾನದ ಮೇಷ್ಟ್ರು ಅದನ್ನು ಚಹಾ ಸಮಿತಿ ಎನ್ನುತ್ತಿದ್ದರು, ನಾನೂ ನಗುತ್ತಿದ್ದೆ.

2022ರಲ್ಲಿ ಒಂದು ಸಂಜೆ ಹೊಸ ಕಂಪ್ಯೂಟರ್ ಟೀಚರು, ತಾತ್ಕಾಲಿಕ ನೇಮಕದ ಹುಡುಗಿ, ಆ ಬೋರ್ಡಿನ ಮುಂದೆ ನಿಂತು ನನ್ನ ನಂಬರನ್ನು ಫೋನಿಗೆ ಹಾಕಿಕೊಳ್ಳುತ್ತಿದ್ದದ್ದನ್ನು ಕಂಡೆ. ನಾನು ಹತ್ತು ಹೆಜ್ಜೆ ದೂರದಲ್ಲೇ ಇದ್ದೆ. ಆದರೂ ಅವಳು ನನ್ನನ್ನು ಕೇಳದೆ ಬೋರ್ಡನ್ನು ಕೇಳಿದಳು. ಆ ರಾತ್ರಿ ಫೋನು ಬಂತು. ಮುಂದಿನದನ್ನೆಲ್ಲ ವಿವರಿಸುವುದು ನ್ಯಾಯವಲ್ಲ, ವಿಚಾರಣೆಯ ಮಾತು ಹೊರಗೆ ಹೋಗಬಾರದೆಂದು ಕಾನೂನೇ ಹೇಳುತ್ತದೆ. "ನೀವು ಹಿರಿಯರು, ಕರೆದು ಬುದ್ಧಿ ಹೇಳಿ ಮುಗಿಸಿಬಿಡಿ ಮೇಡಂ" ಎಂದು ಹೇಳಿದವರು ಎಷ್ಟು ಜನ ಎಂದು ಮಾತ್ರ ಹೇಳಬಲ್ಲೆ: ಏಳು. ಅವರಲ್ಲಿ ನಾಲ್ವರು ಹೆಂಗಸರು. ಹೊರಗಿನಿಂದ ಬಂದ ವಕೀಲೆಯೊಬ್ಬರು ನನ್ನ ಪಕ್ಕ ಗಟ್ಟಿಯಾಗಿ ಕೂತರು. 90 ದಿನದೊಳಗೆ ಮುಗಿಸಬೇಕಾದ ವಿಚಾರಣೆ 71 ದಿನಕ್ಕೆ ಮುಗಿಯಿತು. ಅವನನ್ನು ಕೆಲಸದಿಂದ ತೆಗೆದರು ಎಂದು ಬರೆಯುವ ಆಸೆ ನನಗಿದೆ. ಹಾಗಾಗಲಿಲ್ಲ. ಇನ್‌ಕ್ರಿಮೆಂಟು ತಡೆದು ಬೇರೆ ಶಾಖೆಗೆ ಹಾಕಿದರು. ಆ ಹುಡುಗಿ ಕೆಲಸ ಬಿಡಲಿಲ್ಲ. ಕಂಪ್ಯೂಟರು ಎಂದ ಮೇಲೆ ವಿಜ್ಞಾನದ ಪೈಕಿ, ಫ್ಯಾನಿನ ಕೆಳಗೆ ಕೂರುತ್ತಾಳೆ.

ಮಗಳ ಪ್ರಬಂಧಕ್ಕೆ 20ಕ್ಕೆ 13 ಬಂತು. ಸ್ವಂತ ಅಭಿಪ್ರಾಯ ಹೆಚ್ಚಾಯಿತು ಎಂದು ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದರಂತೆ. ಆ ಅಭಿಪ್ರಾಯಗಳಲ್ಲಿ ಕೆಲವು ಯಾರವು ಎಂದು ನಾನು ವಿಚಾರಿಸಲು ಹೋಗಲಿಲ್ಲ.

ಹಿಂದಿ ಟೀಚರು ಈಗ ಮಸ್ಕತ್ತಿನಲ್ಲಿದ್ದಾಳೆ, ಮಗನ ಮನೆಯಲ್ಲಿ. ಅವಳ ಅಕ್ಕನ ಪರಿಚಯದವರಿಂದ ವಿಳಾಸ ಸಿಕ್ಕಿತು, ಅಂಚೆ ಪೆಟ್ಟಿಗೆಯ ನಂಬರು. ಫೋನ್ ನಂಬರನ್ನೂ ಕೊಡುತ್ತೇನೆ ಎಂದರು, ನಾನೇ ಬೇಡ ಎಂದೆ. ಫೋನಿನಲ್ಲಾದರೆ ಆರೋಗ್ಯ, ಮಕ್ಕಳು, ಮಳೆ ಎಂದು ಮಾತು ಜಾರಿಹೋಗುತ್ತದೆ. ಮೂರು ಸಲ ಬರೆದು ಹರಿದೆ. ನಾಲ್ಕನೆಯದು ನಾಲ್ಕು ಪುಟ ಆಯಿತು. ಮರದ ಕೆಳಗೆ ನಾನು ಏನು ಹೇಳಿದೆ, ಏನು ಹೇಳಲಿಲ್ಲ, ಎರಡನ್ನೂ ಬರೆದೆ.

ಅಂಚೆ ಕಚೇರಿಯ ಕೌಂಟರಿನಲ್ಲಿದ್ದವನು ನನ್ನ ಹಳೆಯ ವಿದ್ಯಾರ್ಥಿ. ಲಕೋಟೆಯನ್ನು ತೂಗಿ, ಸ್ಟಾಂಪು ಹಚ್ಚಿ, ಮುದ್ರೆ ಒತ್ತಿದ.

"ಎಷ್ಟು ದಿನಕ್ಕೆ ತಲುಪುತ್ತಪ್ಪ?"

"ಅದು ಹೇಳಕ್ಕಾಗಲ್ಲ ಮಿಸ್. ಹೋಗೋದು ಹೋಗುತ್ತೆ" ಎಂದು ಹೇಳಿ, ಲಕೋಟೆಯನ್ನು ಹಿಂದಿದ್ದ ಚೀಲಕ್ಕೆ ಹಾಕಿದ.